ತಿಗಣಿ ಹಿಡಿಯೋ ಬೂದೆಪ್ಪ

ಹೈದರಾಬಾದಿನ ಗಚ್ಚಿಬೌಲಿಯೊಳಗ ಗಾಜಿನ ಕಟ್ಟಡ ಏಳಾಕತ್ತಿದ್ದ ಕಾಲ. ಬಾಜೂಕ ಒಂದು ಬೀಜದ ಕಂಪನಿಯ ತೊಗರಿ ಹೊಲ ಇನ್ನೂ ಉಳಿದಿತ್ತು. ಅದರಾಗ ಒಂದು ತಗಡಿನ ಖೋಲಿ, ಖೋಲಿಯೊಳಗ ಲಿಂಗಸುಗೂರು ಕಡೆಯ ಬೂದೆಪ್ಪ, ಒಬ್ಬನ. ತೊಗರಿಕಾಯಿಯ ರಸ ಹೀರೋ ಹಸಿರು ತಿಗಣಿಯನ್ನ ಗಿಡಗಿಡಕ್ಕೂ ಹುಡುಕಿ ಹಿಡಿಯೋದು ಅವನ ನೌಕರಿ. ಮುಟ್ಟಿದ್ರ ಸಾಕು, ಆ ಹುಳ ಬಿಡೋ ನಾತ, ಶಿವಶಿವಾ! ಎಷ್ಟು ತಿಕ್ಕಿದ್ರೂ ಕೈ ಬಿಡ್ತಿರಲಿಲ್ಲ. ಬಸ್ಸಿನಾಗ ಅವನ ಪಕ್ಕದ ಸೀಟಿಗೆ ಯಾರೂ ಕೂಡ್ತಿರಲಿಲ್ಲ. ಹೆಣ್ಣು ಕೊಡಾಕ ಬಂದವರೂ ಮೂಗು ಮುಚ್ಚಿಕೊಂಡು ಎದ್ದುಹೋಗಿದ್ರು. ಎಂಟೆಂಟು ದಿನ ಒಬ್ಬರ ಕೂಡಾನೂ ಮಾತಿಲ್ಲದ ಹೋಗತಿದ್ವು.

ಒಂದು ಚಳಿಗಾಲ ತಿಗಣಿ ಹಿಂಡುಹಿಂಡಾಗಿ ಗಾಜಿನ ಕಟ್ಟಡದ ಬಿಳಿ ದೀಪಕ್ಕ ಮುಗಿಬಿದ್ವು. ಕಂಪ್ಯೂಟರ್ ಮಂದಿ ಹೌಹಾರಿ ಬೂದೆಪ್ಪನ್ನ ಕರೆಸಿದ್ರು. ಅವ ಸಾಬೂನು ನೀರಿನ ಡಬ್ಬಿ ಕೆಳಗ ಹಿಡಿದು ಗೋಡೆ ಮೆಲ್ಲಗ ತಟ್ಟಿದ. ತಿಗಣಿ ಪಟಪಟ ಅದರೊಳಗ ಉದುರಿದ್ವು. ಎಲ್ಲಾರೂ ಚಪ್ಪಾಳಿ ಹೊಡೆದ್ರು! ಅಲ್ಲಿ ಕೆಲಸಕ್ಕಿದ್ದ ರಾಯಚೂರಿನ ಹುಡುಗಿ ಕಾವ್ಯಾ ಚಾ ಕೊಟ್ಟು, "ಕಾಕಾ, ನಾಳೆನೂ ಬರ್ರಿ" ಅಂದ್ಲು. ಕಾಕಾ ಅಂದ್ಲು!

ಬಿಳಿ ದೀಪ ತೆಗೆದು ಹಳದಿ ಹಾಕಿದ್ರ ತಿಗಣಿ ಅಷ್ಟಾಗಿ ಬರೂದಿಲ್ಲ. ಇದು ಅವಗ ಮೊದಲನೇ ದಿನಾನ ಗೊತ್ತಿತ್ತು. ಹೇಳಿಬಿಟ್ರ ನಾಳೆ ಯಾರು ಕರೀತಾರ? ಬಾಯಿಗೆ ಬೀಗ ಹಾಕ್ಕೊಂಡ, ಕಳ್ಳ! ಹನ್ನೊಂದು ಸಂಜಿ ಹಂಗ ನಡೀತು. ಕಾವ್ಯಾ ಊರ ಸುದ್ದಿ ಹೇಳತಿದ್ಲು, ಅವ ಹುಳದ ಸುದ್ದಿ. ಜೀವನದಾಗ ಅಷ್ಟು ಮಾತು ಅವ ಎಂದೂ ಆಡಿರಲಿಲ್ಲ.

ಹನ್ನೆರಡನೇ ಸಂಜಿ ಕಾವ್ಯಾ ಕರ್ಚೀಫು ಒತ್ತಿಕೊಂಡು ಕುಂತಿದ್ಲು. ತಿಗಣಿಯ ರಸ ಸಿಡಿದು ಕಣ್ಣು ಕೆಂಡದಂಗ ಆಗಿತ್ತು.

"ಇದಕ್ಕ ಬ್ಯಾರೆ ದಾರಿನ ಇಲ್ಲೇನ್ರಿ ಕಾಕಾ?"

ಬೂದೆಪ್ಪಗ ತನ್ನ ಮ್ಯಾಲೆ ತನಗ ಹೇಸಿಕಿ ಬಂತು. "ಐತವ್ವಾ. ಹಳದಿ ದೀಪ ಹಾಕಸು."

"ಮೊದಲ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ನನ್ನ ಕರೀತಿದ್ದೇನವ್ವಾ?"

ಕಾವ್ಯಾ ಕಣ್ಣಿನ ಮ್ಯಾಲಿನ ಕರ್ಚೀಫು ತೆಗೆದು, "ಹುಳ ಇರದಿದ್ರೂ ಬರ್ರಿ" ಅಂದ್ಲು.

ದೀಪ ಬದಲಾದ್ವು, ತಿಗಣಿ ಹೋದ್ವು. ನಾಕು ದಿನ ಕಾದರೂ ಕರೆ ಬರಲಿಲ್ಲ. ಐದನೇ ಸಂಜಿ ಧೈರ್ಯ ಮಾಡಿ ಬೂದೆಪ್ಪ ತಾನ ಹ್ವಾದ. ಗಾಜಿನ ಆಚೆ ಕಾವ್ಯಾ ಗೆಳತ್ಯಾರ ಕೂಡ ನಗಾಕತ್ತಿದ್ಲು. ಗೇಟಿನಾಗ ಹೊಸ ಕಾವಲುಗಾರ ತಡೆದು, ಒಳಗ ಏನು ಕೆಲಸ ಅಂತ ಹಿಂದಿಯೊಳಗ ಕೇಳಿದ.

ಬೂದೆಪ್ಪ ಭಾಳ ಹೊತ್ತು ವಿಚಾರ ಮಾಡಿದ. ಹೇಳಾಕ ಕೆಲಸ ಯಾವುದೂ ಹೊಳೀಲಿಲ್ಲ.