ವೈನಿ ಹೇಳುತ್ತಿದ್ದ ಹಿಂದಿ ಸಿನಿಮಾ

ಮೊನ್ನೆ ನರಗುಂದದ ನಮ್ಮ ಪಕ್ಕದ ಮನೆಯವರು ಮಾಳಿಗೆಯ ಮೇಲೆ ತೊಗರಿ ಹರವಿದ್ದರು. ಔಡಲೆಣ್ಣೆ, ಅಂದರೆ ಹರಳೆಣ್ಣೆ ಸವರಿ ಒಣಹಾಕಿದ ತೊಗರಿ. ಬಿಸಿಲು ಏರಿದಂತೆ ಆ ವಾಸನೆ ನಮ್ಮ ಅಡುಗೆಮನೆಗೂ ಬಂತು. ಯಾರಿಗಾದರೂ ಈ ವಾಸನೆಗೆ ಬೇಳೆಯೋ ಹೋಳಿಗೆಯೋ ನೆನಪಾಗಬೇಕು. ನನ್ನ ಬಾಯಿಗೆ ಮಾತ್ರ ಒಂದು ಹಳೆಯ ಹಿಂದಿ ಹಾಡು ಬಂತು. ಒಲೆಯ ಮುಂದೆ ನಿಂತೇ ಪಲ್ಲವಿ, ಅದರ ಹಿಂದಿನ ಪಿಟೀಲು, ಕೊಳಲು, ಎಲ್ಲವನ್ನೂ ಬಾಯಿಂದಲೇ ನುಡಿಸಿಬಿಟ್ಟೆ. ಮಗಳು ಒಳಗಿನಿಂದ ಬಂದು ನನ್ನನ್ನು ಒಂದು ಥರ ನೋಡಿ ಹೋದಳು.

ಆ ಹಾಡನ್ನು ನನಗೆ ಕಲಿಸಿದವರು ಗಜೇಂದ್ರಗಡದ ನಮ್ಮ ಎದುರುಮನೆಯ ವೈನಿ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎಂದು ಕರೆಯುತ್ತಾರೆ. ಅವರು ನನಗೆ ಹಾಗೆ ಏನೂ ಆಗಬೇಕಿರಲಿಲ್ಲ, ಆದರೂ ಓಣಿಯ ಹುಡುಗಿಯರಿಗೆಲ್ಲ ಅವರು ವೈನಿಯೇ. ಹೊಳೆಮಣ್ಣೂರಿನಿಂದ ಮದುವೆಯಾಗಿ ಬಂದವರು. ಮಾವ ಅರಿವೆ ಅಂಗಡಿಯ ವ್ಯಾಪಾರಸ್ಥರು, ಅತ್ತೆ ಓಣಿಗೆಲ್ಲ ಬಿಗಿ ಎಂದು ಹೆಸರಾದವರು. ಆ ಮನೆಯ ಹೆಣ್ಣುಮಕ್ಕಳು ಟಾಕೀಜಿನ ಮೆಟ್ಟಿಲು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ರೇಡಿಯೋ ಇತ್ತು, ಆದರೆ ಅದು ಪಡಸಾಲೆಯಲ್ಲಿ ಮಾವನವರ ಕುರ್ಚಿಯ ಪಕ್ಕ ಇತ್ತು. ಬಾತ್ಮಿ ಮತ್ತು ಪೇಟೆಯ ಧಾರಣೆ ಮುಗಿದ ಕೂಡಲೇ ಅದರ ಬಾಯಿ ಮುಚ್ಚುತ್ತಿತ್ತು.

ನಾನಾಗ ಕಾಲೇಜಿಗೆ ಹೊಸದಾಗಿ ಸೇರಿದ್ದೆ, ಹಿಂದಿ ಹಾಡು ಎಂದರೆ ಹುಚ್ಚು. ನಮ್ಮ ರೇಡಿಯೋ ಕಿಟಕಿಯ ಕಟ್ಟೆಯ ಮೇಲಿತ್ತು. ಆ ಕಿಟಕಿಗೆ ಸರಿಯಾಗಿ ಎದುರು ವೈನಿಯ ಅಡುಗೆಮನೆ. ವಾರಕ್ಕೊಮ್ಮೆ ಸಂಜೆ ಹೊಸ ಚಿತ್ರಗಳ ಹಾಡು ಹಾಕುತ್ತಿದ್ದಾಗ ಅವರು ರೊಟ್ಟಿ ಬಡಿಯುತ್ತ ಹಿಟ್ಟಿನ ಕೈಯನ್ನೇ ಮೇಲೆತ್ತಿ ದನಿ ಏರಿಸು ಎಂದು ಸನ್ನೆ ಮಾಡುತ್ತಿದ್ದರು. ನಾನು ಪೂರ್ತಿ ಏರಿಸುತ್ತಿದ್ದೆ. ಆಮೇಲೆ ನೋಡಬೇಕು… ಅವರ ರೊಟ್ಟಿಯ ಬಡಿತ ಡೋಲಕಿನ ಲಯಕ್ಕೆ ಕೂಡಿಕೊಳ್ಳುತ್ತಿತ್ತು. ಮರುದಿನ ರೇಡಿಯೋ ಇಲ್ಲದಾಗಲೂ ಬರೀ ಆ ಬಡಿತ ಕೇಳಿಯೇ ವೈನಿ ಯಾವ ಹಾಡಿನಲ್ಲಿದ್ದಾರೆ ಎಂದು ನಾನು ಹೇಳುತ್ತಿದ್ದೆ.

ಅವರಿಗೆ ಹಿಂದಿ ಬರುತ್ತಿರಲಿಲ್ಲ. ಸಾಲೆಯಲ್ಲಿ ಕಲಿತದ್ದರಲ್ಲಿ ಚಾಂದ್, ಘರ್, ಆಜಾ ಎಂಬಂಥ ಕೆಲವು ಮಾತು ಉಳಿದಿದ್ದವು. ಅಷ್ಟೇ ಬಂಡವಾಳದಲ್ಲಿ ಅವರು ಪೂರ್ತಿ ಸಿನಿಮಾ ಕಟ್ಟುತ್ತಿದ್ದರು. ಮಧ್ಯಾಹ್ನ ನಾವು ಮೂರ್ನಾಲ್ಕು ಹುಡುಗಿಯರು ಅವರ ಹಿತ್ತಲಿನಲ್ಲಿ ಸೇರುತ್ತಿದ್ದೆವು. ಅವರು ತೊಗರಿಗೆ ಔಡಲೆಣ್ಣೆ ಸವರುತ್ತ, ಒಂದೊಂದು ಹಾಡು ಹಾಡಿ, ಅದರ ಹಿಂದುಮುಂದಿನ ಕತೆ ಹೇಳುತ್ತಿದ್ದರು. ಹಾಡಿಗಿಂತ ಹಾಡಿನ ನಡುವೆ ಬರುವ ವಾದ್ಯವೇ ಅವರಿಗೆ ಹೆಚ್ಚು.

“ಅಲ್ಲೇ ಕತಿ ಇರತೈತಿ ನೋಡ ತಂಗಿ,” ಎಂದಿದ್ದರು ಒಮ್ಮೆ. “ಬಾಯಿ ಸುಮ್ನಾದಾಗ ಅವರು ಎಲ್ಲಿಗೋ ಹೊಂಟಿರ್ತಾರ.”

ಆ ವರ್ಷ ಒಂದು ಹಿಂದಿ ಚಿತ್ರದ ಹಾಡುಗಳು ಊರನ್ನೇ ಹಿಡಿದಿದ್ದವು. ಚಹಾದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆಯ ಬ್ಯಾಂಡಿನಲ್ಲಿ ಅವೇ. ವೈನಿ ಆ ಹಾಡುಗಳನ್ನಿಟ್ಟುಕೊಂಡು ಎಂಥ ಕತೆ ಹೆಣೆದರು! ಹೊಳೆಯ ದಂಡೆಯ ಊರು. ಮಹಾಪೂರ ಬಂದ ದಿನ ತಾಯಿಯ ಕೈ ತಪ್ಪಿ ಕೂಸು ತೇಲಿಹೋಗುತ್ತದೆ. ಅದನ್ನು ಎತ್ತಿಕೊಂಡ ಟಾಂಗಾದವನು ಮುಂಬೈಗೆ ಒಯ್ದು ಬೆಳೆಸುತ್ತಾನೆ. ಡೋಲಕಿನ ಹಾಡು ಟಾಂಗಾ ಓಟದ ಪಂದ್ಯದ್ದು. ಗಂಡುಹೆಣ್ಣು ಕೂಡಿ ಹಾಡುವುದು ಬಾವಿಯ ದಂಡೆಯ ಮೇಲೆ. ಖಳನಾಯಕ ಹತ್ತಿಯ ದಲಾಲ. ನಾಯಕ ಮುಂಬೈಯಲ್ಲೂ ಜೋಳದ ರೊಟ್ಟಿಯನ್ನೇ ತಿನ್ನುತ್ತಿದ್ದ, ಅದಕ್ಕೆ ನಾವು ಯಾರೂ ತಕರಾರು ತೆಗೆಯಲಿಲ್ಲ. ಎಲ್ಲಕ್ಕಿಂತ ಜನಪ್ರಿಯವಾಗಿದ್ದ ಒಂದು ಹಾಡನ್ನು ಮಾತ್ರ ಅವರು ನಿಧಾನ ಮಾಡಿ ಹಾಡುತ್ತಿದ್ದರು. ‘ಆಜಾ’ ಮತ್ತು ‘ಘರ್’ ಎಂಬ ಮಾತು ಮತ್ತೆ ಮತ್ತೆ ಬರುವ ಹಾಡು ಅದು. ವೈನಿಯ ಕತೆಯಲ್ಲಿ ಆ ತಾಯಿ ಪ್ರತಿ ಸಂಜೆ ಹೊಳೆಯ ಕಡೆ ಮುಖ ಮಾಡಿ ನಿಂತು ಮಗನನ್ನು ಮನೆಗೆ ಕರೆಯುವ ಹಾಡು.

ಅವರ ಚೊಚ್ಚಲ ಗಂಡುಕೂಸು ಎರಡು ವರ್ಷದ ಹಿಂದೆ ಜ್ವರಕ್ಕೆ ತೀರಿಕೊಂಡಿತ್ತು. ಕೂಸನ್ನು ಮಣ್ಣು ಮಾಡಿ ಬಂದ ದಿನ ಅತ್ತೆಯವರು ಸೊಸೆಗೆ ಇನ್ನು ಅಳಬೇಡ ಎಂದರಂತೆ. ಆಮೇಲೆ ಆ ಮನೆಯಲ್ಲಿ ಯಾರೂ ಕೂಸಿನ ಮಾತೆತ್ತಲಿಲ್ಲ. ಅತ್ತೆ ಸೊಸೆಯ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತು ಉಳಿದಿರಲಿಲ್ಲ. ಇದು ನಮಗೆ ಗೊತ್ತಿತ್ತು. ಆದರೂ ಆ ಹಾಡಿನ ಕತೆ ಕೇಳುವಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರಲಿಲ್ಲ.

ಒಂದು ದಿನ ರೋಣದಿಂದ ಬಂದ ನನ್ನ ಅಪ್ಪ, ಅಲ್ಲಿನ ಟಾಕೀಜಿಗೆ ಆ ಚಿತ್ರ ಬಂದಿದೆ ಎಂದು ಹೇಳಿದರು. ನಾನು ಚಪ್ಪಲಿ ಕೂಡ ಮೆಟ್ಟದೆ ಎದುರುಮನೆಗೆ ಓಡಿದೆ. ವೈನಿಗೆ ಸುದ್ದಿ ಹೇಳಿದೆ. ಅಂದು ಸಂಜೆ ಮಾವನವರು ಊಟಕ್ಕೆ ಕುಳಿತಾಗ ತಾಟಿಗೆ ರೊಟ್ಟಿ ಹಾಕಿ, ಅಲ್ಲೇ ನಿಂತು, ತಾನು ಆ ಸಿನಿಮಾ ನೋಡಬೇಕು ಎಂದು ಕೇಳಿಯೇಬಿಟ್ಟರು. ಗಂಡ ತಲೆ ಎತ್ತಲಿಲ್ಲ. ಮಾವನವರು ಹೆಂಡತಿಯ ಕಡೆ ನೋಡಿದರು. ಬೇಡ ಎನ್ನುವ ಕೆಲಸ ಆ ಮನೆಯಲ್ಲಿ ಅತ್ತೆಯವರದು. ಇದನ್ನೆಲ್ಲ ವೈನಿಯೇ ಮರುದಿನ ಹೇಳಿದ್ದು.

“ನಾನೂ ಬರ್ತೇನಿ ಅಂದ್ರವ್ವ,” ಎಂದರು ವೈನಿ. “ನಮ್ಮತ್ತಿ!”

ರವಿವಾರ ಅಂಗಡಿಯ ಸರಕು ತರುವ ಟೆಂಪೋದಲ್ಲಿ ಜಮಖಾನೆ ಹಾಸಿ ಓಣಿಯ ಹೆಂಗಸರೆಲ್ಲ ಹತ್ತಿದೆವು. ಅತ್ತೆಯವರು ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಬೀಗರ ಮನೆಗೆ ಹೊರಟವರಂತೆ ನಡುವೆ ಕುಳಿತರು. ಕರಿಮಣ್ಣಿನ ಹೊಲಗಳ ನಡುವೆ ಟೆಂಪೋ ಓಡುತ್ತಿದ್ದರೆ ನನ್ನ ಎದೆ ಡೋಲಕಿನಂತೆ ಬಡಿದುಕೊಳ್ಳುತ್ತಿತ್ತು. ವೈನಿಯ ಕತೆ ನಿಜವಾಗುತ್ತದೆಯೋ ಇಲ್ಲವೋ? ಟಾಂಗಾ ಇದ್ದೀತೇ? ಹೊಳೆ?

ಟಾಕೀಜಿನಲ್ಲಿ ಹೆಣ್ಣುಮಕ್ಕಳ ಕಡೆ ಬೆಂಚು ಹಿಡಿದು ಕುಳಿತೆವು. ದೀಪ ಆರಿತು, ಪರದೆ ಬೆಳಗಿತು, ಪಿಟೀಲುಗಳೆಲ್ಲ ಒಮ್ಮೆಗೇ ಎದ್ದವು. ಕಿಟಕಿಯ ಕಟ್ಟೆಯ ಮೇಲಿನ ಪುಟ್ಟ ಪೆಟ್ಟಿಗೆಯಿಂದ ಕೇಳಿದ ವಾದ್ಯಗಳು ಇಷ್ಟು ದೊಡ್ಡವು ಎಂದು ನನಗೆ ಗೊತ್ತೇ ಇರಲಿಲ್ಲ. ವೈನಿ ನನ್ನ ಕೈ ಹಿಡಿದುಕೊಂಡರು.

ಟಾಂಗಾ ಇರಲಿಲ್ಲ. ಹೊಳೆಯೂ ಇರಲಿಲ್ಲ. ಶ್ರೀಮಂತರ ಹುಡುಗ, ಉದ್ದನೆಯ ಕಾರು, ಬೆಟ್ಟದ ಮೇಲಿನ ಹೋಟೆಲು. ಡೋಲಕಿನ ಹಾಡು ಯಾರದೋ ಹುಟ್ಟುಹಬ್ಬದ್ದು. ಒಂದೊಂದು ಹಾಡು ಬಂದಾಗಲೂ ನಮ್ಮ ಕತೆಯ ಒಂದೊಂದು ಗೋಡೆ ಬೀಳುತ್ತಿತ್ತು. ಆದರೂ ಕಣ್ಣು ಕೀಳಲಾಗುತ್ತಿರಲಿಲ್ಲ, ಆ ಬಣ್ಣ, ಆ ಕುಣಿತ! ಕೊನೆಗೆ ಆ ಹಾಡು ಬಂತು. ನಾಯಕ ಕುಡಿದಿದ್ದ. ಕಾರಿನ ಮೇಲೆ ಹತ್ತಿ, ಇಳಿದು, ನಾಯಕಿಯ ಸೆರಗು ಹಿಡಿದೆಳೆದು ಮನೆಗೆ ಬಾ ಎಂದು ಹಾಡಿ ಕುಣಿದ. ಟಾಕೀಜಿನ ತುಂಬ ಸೀಟಿ. ವೈನಿ ನನ್ನ ಕೈ ಬಿಟ್ಟರು.

ಆಗ ಅತ್ತೆಯವರ ದನಿ ಕೇಳಿತು. ಮುಂದಿನ ಬೆಂಚಿನವರೂ ತಿರುಗಿ ನೋಡುವಷ್ಟು ದೊಡ್ಡ ದನಿ.

“ಇದು ಆ ಹಡದವ್ವನ ಹಾಡಲ್ಲೇನ? ಈ ಗಂಡಸ್ಯಾಕ ಕುಣಿಯಾಕತ್ತಾನ? ತಪ್ಪ ಮಾಡ್ಯಾರ ಇವರು.”

ವೈನಿ ಮೆಲ್ಲಗೆ ತಿರುಗಿದರು. “ನಿಮಗ ಹ್ಯಾಂಗ ಗೊತ್ರಿ ಅತ್ತಿ?”

“ದಿನಾ ಹಿತ್ತಲ ಬಾಗಲ ಹಿಂದ ಕುಂತು ಕೇಳೇನಿ. ಕಿವಿ ಇಲ್ಲೇನ ನನಗ?”

ಮೊದಲು ನಕ್ಕವರು ವೈನಿ. ಆಮೇಲೆ ನಮ್ಮ ಇಡೀ ಬೆಂಚು ನಕ್ಕಿತು. ಪರದೆಯ ಮೇಲೆ ನಾಯಕ ಎಷ್ಟೇ ಕುಣಿದರೂ ನಮ್ಮ ಲಕ್ಷ್ಯ ಮತ್ತೆ ಅವನ ಕಡೆ ಹೋಗಲಿಲ್ಲ.

ತಿರುಗಿ ಬರುವಾಗ ಹೊತ್ತು ಇಳಿಯುತ್ತಿತ್ತು. ಟೆಂಪೋದಲ್ಲಿ ಎಲ್ಲರೂ ಒಮ್ಮೆಗೇ ಮಾತಾಡುತ್ತಿದ್ದೆವು, ಯಾವ ಸೀರೆ, ಯಾವ ಕಾರು, ಯಾರು ಚೆಂದ ಎಂದು. ಅಬ್ಬಿಗೇರಿ ದಾಟಿದ ಮೇಲೆ ಅತ್ತೆಯವರು ಸೊಸೆಯ ತೊಡೆಯ ಮೇಲೆ ಕೈ ಇಟ್ಟರು.

“ಈಗ ನೀ ಹಾಡು. ಆ ಕೂಸಿನ ತಾಯಿ ಹಾಡಿದಂಗ ಹಾಡು.”

ವೈನಿ ಹಾಡಿದರು. ಟೆಂಪೋದ ಸಪ್ಪಳದಲ್ಲಿ ಅರ್ಧ ಕೇಳಿಸಲಿಲ್ಲ, ಆದರೂ ನಾವೆಲ್ಲ ಉಸಿರು ಹಿಡಿದು ಕುಳಿತಿದ್ದೆವು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅತ್ತೆಯವರು ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದರು. ಹಾಡು ಮುಗಿದ ಮೇಲೆ ಸೆರಗಿನ ಒಳಗಿನಿಂದಲೇ ಹೇಳಿದರು: “ಇದ್ದಿದ್ರ ನಮ್ಮ ಕೂಸು ಈಗ ಮಾತ ಕಲೀತಿತ್ತು…”

ವೈನಿ ಅತ್ತೆಯ ಹೆಗಲಿಗೆ ಒರಗಿ ಅತ್ತರು. ಅತ್ತೆಯವರು ಬೇಡ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಎದುರುಮನೆಯ ರೇಡಿಯೋ ಪಡಸಾಲೆಯಿಂದ ಅಡುಗೆಮನೆಗೆ ಬಂತು. ಧಾರಣೆ ಕೇಳಲು ಮಾವನವರೇ ಒಲೆಯ ಹತ್ತಿರ ಮಣೆ ಹಾಕಿಕೊಂಡು ಕೂರಬೇಕಾಯಿತು. ಮಧ್ಯಾಹ್ನದ ಕತೆಗೆ ಅತ್ತೆಯವರು ಬಾಗಿಲ ಹಿಂದಿನಿಂದ ಹಿತ್ತಲಿಗೆ ಬಂದರು. ಕತೆಯ ನಡುವೆ ಬಾಯಿ ಹಾಕಿ ಖಳನಾಯಕರಿಗೆ ಶಿಕ್ಷೆ ವಿಧಿಸುವುದು ಅವರ ಕೆಲಸವಾಯಿತು. ಮುಂದೆ ವೈನಿಗೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ನೂರು ಹಿಂದಿ ಹಾಡುಗಳನ್ನು ಜೋಗುಳ ಮಾಡಿ ಅವರನ್ನು ಮಲಗಿಸಿದ ವೈನಿ ಆ ಒಂದು ಹಾಡನ್ನು ಮಾತ್ರ ತೊಟ್ಟಿಲ ಮುಂದೆ ಎತ್ತಲಿಲ್ಲ. ಯಾಕೆ ಎಂದು ನಾನು ಕೇಳಿದ್ದಕ್ಕೆ, “ಅದು ಅವನದೈತಿ,” ಎಂದಿದ್ದರು.

ನಾನು ಮದುವೆಯಾಗಿ ನರಗುಂದಕ್ಕೆ ಬಂದೆ. ವೈನಿಯ ಅತ್ತೆಯವರು ಹೋದರು, ಕ್ಯಾಸೆಟ್ಟುಗಳು ಬಂದು ಹೋದವು, ಮೊಬೈಲು ಬಂತು. ಹೊಸ ಚಿತ್ರದ ಹಾಡುಗಳು ಬಂದ ಕೂಡಲೇ ನಾನು ವೈನಿಗೆ ಕಳಿಸುತ್ತಿದ್ದೆ. ಅವರು ಫೋನನ್ನು ಬೋರಲು ಹಾಕಿ ಕೇಳುತ್ತಿದ್ದರು, ಚಿತ್ರ ಕಾಣಿಸಬಾರದು ಎಂದು. ಸಂಜೆಗೆ ಫೋನ್ ಮಾಡಿ ಕತೆ ಹೇಳುತ್ತಿದ್ದರು. ಚಿತ್ರ ಬಿಡುಗಡೆಯಾದ ಮೇಲೆ ನಾನು ನೋಡಿ ಬಂದು, ಅವರ ಕತೆಯೇ ಗೆದ್ದಿತು ಎಂದು ವರದಿ ಒಪ್ಪಿಸುತ್ತಿದ್ದೆ. ಉಪಚಾರಕ್ಕೆ ಹೇಳಿದ್ದಲ್ಲ, ಖರೇನೇ ಹಾಗಿರುತ್ತಿತ್ತು. ಆಗ ನನಗೂ ಮೊಮ್ಮಕ್ಕಳಾಗುವ ವಯಸ್ಸು. ಆದರೂ ಅವರ ಫೋನ್ ಬಂದಾಗ ಚಪ್ಪಲಿ ಮೆಟ್ಟದೆ ಓಡುವ ಹುಡುಗಿಯೇ.

ಕಳೆದ ಮಳೆಗಾಲದಲ್ಲಿ ಒಂದು ಹೊಸ ಚಿತ್ರದ ಹಾಡುಗಳನ್ನು ಬೆಳಿಗ್ಗೆ ಕಳಿಸಿದ್ದೆ. ಸಂಜೆ ಫೋನ್ ಬಂತು, ಎತ್ತಿದರೆ ಅವರ ದೊಡ್ಡ ಮಗಳ ದನಿ. ಮಧ್ಯಾಹ್ನ ಅಡ್ಡಾಗಿದ್ದ ವೈನಿ ಮತ್ತೆ ಏಳಲಿಲ್ಲವಂತೆ. ದಿನಕರ್ಮಗಳೆಲ್ಲ ಮುಗಿದ ಮೇಲೆ ಆ ಹುಡುಗಿ ನನ್ನ ಪಕ್ಕ ಕುಳಿತು, ಅಂದು ಬೆಳಿಗ್ಗೆ ತಾಯಿ ಹಾಡುಗಳನ್ನೆಲ್ಲ ಕೇಳಿದ್ದರು, ಕೇಳಿ ಭಾಳ ಖುಷಿಯಲ್ಲಿದ್ದರು ಎಂದಳು. ಈ ಸಲ ಚಲೋ ಕತೆ ಸಿಕ್ಕಿದೆ, ಸಂಜೆ ಫೋನ್ ಮಾಡಿ ಹೇಳುತ್ತೇನೆ ಎಂದಿದ್ದರಂತೆ.

ಚಿತ್ರ ದೀಪಾವಳಿಗೆ ಬಂತು. ಮಗಳ ಜೊತೆ ಹುಬ್ಬಳ್ಳಿಗೆ ಹೋಗಿ ನೋಡಿದೆ. ಹಾಡುಗಳು ಬಂದಾಗ ಜನ ಎದ್ದು ಕುಣಿದರು, ನಾನೂ ಚಪ್ಪಾಳೆ ತಟ್ಟಿದೆ. ಹೊರಗೆ ಬಂದ ಮೇಲೆ ಎಲ್ಲರೂ ಕತೆ ಭಾಳ ಚಲೋ ಇದೆ ಎಂದರು. ಮಗಳೂ ಅಂದಳು. ನಾನು ಹೂಂ ಎಂದೆ. ಆ ಹಾಡುಗಳಿಗೆ ಇನ್ನೊಂದು ಕತೆ ಇತ್ತು, ಅದನ್ನು ನಾವು ಯಾರೂ ಕೇಳಲಿಲ್ಲ.