ಟ್ಯಾಂಕಿನೊಳಗಿನ ಮರುವಾಯಿ ಚಿಪ್ಪು

ಮೂಡುಬಿದಿರೆಯ ಅಕ್ವೇರಿಯಂ ಅಂಗಡಿಯಲ್ಲಿ ನನ್ನ ಹೆಂಡತಿ ಮತ್ತೆ ಅದೇ ಡಿಸ್ಕಸ್ ಮೀನಿನ ಎದುರು ನಿಂತಳು. ತಟ್ಟೆಯಂತೆ ದುಂಡಗಿನ ಕೆಂಪು ಮೀನು. ಅಂಥವೇ ಎರಡು, ನರಿಕೊಂಬಿನ ನಮ್ಮ ಮನೆಯ ಟ್ಯಾಂಕಿನಲ್ಲಿ ಒಂದರ ಹಿಂದೆ ಒಂದು ಸತ್ತಿದ್ದವು. ಎರಡು ಸಲವೂ ನಾನು ಅವಳಿಗೆ ಹೇಳಿದ್ದು ಒಂದೇ ಮಾತು: "ನಿನ್ನ ಕೈ ದೊಡ್ಡದು. ತಿನ್ನಿಸಿ ತಿನ್ನಿಸಿ ಕೊಂದೆ."

ಅದು ಸುಳ್ಳು. ಮೊದಲ ಸಲ ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಎರಡನೆಯ ಸಲ ಗೊತ್ತಿತ್ತು.

ಮೊಣಕಾಲು ನೋವಿನಿಂದ ಅವಳು ಹೊರಗೆ ಹೋಗುವುದು ಕಡಿಮೆಯಾದ ಮೇಲೆ ಆ ಟ್ಯಾಂಕ್ ತಂದದ್ದು. ಕರಿ ಮೋಲಿ ಮೀನುಗಳನ್ನು ಬಿಟ್ಟೆವು. ನಡುವೆ ಕಣ್ಣು ನಿಲ್ಲುವ ಹಾಗೆ ಬಣ್ಣದ ದೊಡ್ಡ ಮೀನೊಂದು ಬೇಕೆಂಬುದು ಅವಳ ಆಸೆ. ಟ್ಯಾಂಕಿನ ತಳ ಬೋಳು ಬೋಳಾಗಿ ಕಂಡದ್ದರಿಂದ ನಾನೊಂದು ಕೆಲಸ ಮಾಡಿದೆ. ಅವಳು ಹೊಳೆಯ ಕಪ್ಪೆಚಿಪ್ಪು ಮರುವಾಯಿಯ ಸಾರಿನಲ್ಲಿ ಅಕ್ಕಿಯ ಪುಂಡಿ ಬೇಯಿಸಿದ ದಿನ, ತಿಂದುಳಿದ ಚಿಪ್ಪುಗಳನ್ನು ಎಸೆಯದೆ ಉಜ್ಜಿ ತೊಳೆದು, ಬಿಸಿಲಿಗಿಟ್ಟು, ಮರಳಿನ ಮೇಲೆ ಹಾಸಿದೆ. ಬಂದವರೆಲ್ಲ ಹೊಗಳಿದರು.

ಎರಡನೆಯ ಡಿಸ್ಕಸ್ ರೆಕ್ಕೆ ಮುದುಡಿಕೊಂಡು ಮೂಲೆ ಸೇರಿದ ದಿನ ನಾನು ಗಾಜು ಒರೆಸುತ್ತಿದ್ದೆ. ನೀರಿನ ಮಟ್ಟದಲ್ಲಿ ಬಿಳಿ ಗೆರೆ, ಉಗುರಿಗೂ ಏಳದ್ದು. ನಮ್ಮ ಬಾವಿಯ ನೀರಿಗೆ ಹಂಡೆಯಲ್ಲೂ ಕಲೆ ಕೂರುವುದಿಲ್ಲ. ನನ್ನ ಬಾಯಲ್ಲಿ ಎಲೆಯಡಿಕೆ ಇತ್ತು. ಅದಕ್ಕೆ ಹಚ್ಚಿದ ಸುಣ್ಣ ಇಂಥ ಚಿಪ್ಪನ್ನೇ ಸುಟ್ಟು ಮಾಡಿದ್ದು. ಜಗಿಯುವುದು ನಿಂತಿತು. ಚಿಪ್ಪು ಕರಗಿ ಕರಗಿ ಮೆದು ನೀರು ಗಡಸಾಗಿತ್ತು. ಮೆದು ನೀರಲ್ಲೇ ಬದುಕುವ ಡಿಸ್ಕಸ್‌ಗೆ ಅದು ಆಗಿರಲಿಲ್ಲ. ಆದರೂ ಸಂಜೆ ಮೀನು ಸತ್ತಾಗ ನಾಲಿಗೆ ಹಳೆಯ ಮಾತನ್ನೇ ಆಡಿತು. ಚಿಪ್ಪು ತೆಗೆಯಲೂ ಇಲ್ಲ. ತೆಗೆದರೆ ಯಾಕೆಂದು ಕೇಳುತ್ತಾಳೆ.

"ನೀರು ಬೋರಿದಾ, ಬಾವಿದಾ ಅಮ್ಮ?" ಅಂಗಡಿಯವನು ಕೇಳಿದ.

"ಬಾವಿದು. ಒಳ್ಳೆ ನೀರುಂಟು. ಆದ್ರೆ ನನ್ನ ಕೈಯಲ್ಲಿ ಮೀನು ಬದುಕುವುದಿಲ್ಲಂತೆ, ಇವರು ಹೇಳ್ತಾರೆ. ಎಷ್ಟು ಹಾಕಬೇಕಂತ ಸರಿ ಹೇಳಿಕೊಡಿ ಮಾರಾಯ್ರೆ. ಇದೂ ಸತ್ರೆ ನಾನು ಮತ್ತೆ ಟ್ಯಾಂಕಿನ ಹತ್ತಿರ ಹೋಗುವುದಿಲ್ಲ."

ಅವನು ಬಲೆ ಇಳಿಸಿದ. ಮೀನು ಬಲೆಯೊಳಗೆ ಬಂತು.

"ತಡೆ ಮಾರಾಯ," ಎಂದೆ. "ಟ್ಯಾಂಕಲ್ಲಿ ಮರುವಾಯಿ ಚಿಪ್ಪುಂಟು. ನಾನು ಹಾಕಿದ್ದು. ನೀರು ಗಡಸಾಗಿದೆ. ಇವಳ ಕೈಯದ್ದು ಏನೂ ತಪ್ಪಿಲ್ಲ. ನನಗೆ ಗೊತ್ತಿತ್ತು."

"ಮರುವಾಯಿಯಾ? ಒಳಗಿನದ್ದು ತಿಂದದ್ದು ಸಾಕಾಗಲಿಲ್ವಾ ಅಜ್ಜೇರೆ?" ಎಂದು ಅವನು ನಕ್ಕ. ಅವನೊಬ್ಬನೇ ನಕ್ಕದ್ದು.

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. "ಹಾಗಾದ್ರೆ ಇಷ್ಟು ದಿನ ಆ ಮೋಲಿಗಳಿಗೆ ನಾನು ಹೆದರಿ ಹೆದರಿ ಕಾಳು ಹಾಕಿದ್ದು?"

ಮೀನನ್ನು ಮತ್ತೆ ನೀರಿಗೆ ಬಿಡುವಂತೆ ನಾನು ಅಂಗಡಿಯವನಿಗೆ ಕೈ ಮಾಡಿದೆ.

"ದಿನಾ ಎಲೆಗೆ ಸುಣ್ಣ ಹಚ್ಚುವ ಜನ. ಹಚ್ಚುವಾಗಲಾದ್ರೂ ನೆನಪಾಗ್ಲಿಲ್ವಾ ನಿಮಗೆ?"

"ಆಗ್ತಿತ್ತು. ದಿನಾ ಆಗ್ತಿತ್ತು."

ಅವಳು ಸ್ಟೂಲ್ ಎಳೆದು, ನನಗೆ ಬೆನ್ನು ಹಾಕಿ ಕುಳಿತಳು. ಚಿಪ್ಪು ತೆಗೆದು ನೀರು ಬದಲಿಸಿದರೆ ಇದೇ ಕೆಂಪು ಮೀನನ್ನು ಸಾಕಬಹುದೆಂದು ಅಂಗಡಿಯವನು ಹೇಳಿದ.

"ಬೇಡ. ಚಿಪ್ಪು ಅಲ್ಲೇ ಇರಲಿ, ಇವರಿಗೆ ದಿನಾ ಕಾಣಬೇಕು. ಗಡಸು ನೀರಿಗೆ ಆಗುವಂಥದ್ದು, ಬಣ್ಣದ್ದು, ಯಾವುದುಂಟು?"

ಅವನು ಪೀಕಾಕ್ ಎಂಬ ಮೀನನ್ನು ತೋರಿಸಿದ. ನೀಲಿ ಮುಖ, ಕಿತ್ತಳೆ ಮೈ. ತಿರುಗಿದಾಗ ಬೆನ್ನ ಮೇಲೆ ಬೆಳಕು ಜಾರುತ್ತಿತ್ತು. ಆಫ್ರಿಕಾದ ಸರೋವರದ ತಳಿಯಂತೆ, ಗಡಸು ನೀರೇ ಅದಕ್ಕೆ ಹಿತ. "ಮೋಲಿಗೂ ಇದೇ ನೀರು ಆಗ್ತದೆ. ಗಂಡು ಒಂದೇ ಸಾಕು, ಎರಡಿದ್ರೆ ಜಗಳ. ಮೋಲಿ ಮರಿ ಹಾಕಿದ್ರೆ ಮಾತ್ರ ನುಂಗಿಬಿಡ್ತದೆ."

"ನುಂಗಿ ಏನೂ ಗೊತ್ತಿಲ್ಲದ ಹಾಗೆ ಇರ್ತದಾ?"

"ಇರ್ತದೆ ಅಮ್ಮ."

"ಹಾಗಾದ್ರೆ ನಮ್ಮ ಮನೆಗೆ ಸರಿಯಾಯ್ತು, ಕೊಡಿ."

ಬಂಟ್ವಾಳದ ಕಡೆಯ ಬಸ್ಸಿನಲ್ಲಿ ಅವಳು ಮೀನಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ತಿರುವು ಬಂದಾಗಲೆಲ್ಲ ಎರಡೂ ಕೈಗಳಿಂದ ಹಿಡಿಯುತ್ತಿದ್ದಳು. ನನ್ನೊಡನೆ ಮಾತಿಲ್ಲ. ಆದರೂ ಎಷ್ಟೋ ದಿನಗಳ ಮೇಲೆ ನನಗೆ ಕೂತಲ್ಲೇ ಸುಖವಾದ ನಿದ್ದೆ ಬಂತು. ಇಳಿಯುವ ಜಾಗದಲ್ಲಿ ಮೊಣಕೈಯಿಂದ ತಿವಿದು ಎಬ್ಬಿಸಿದವಳು ಅವಳೇ.

ಮೀನು ಈಗ ಚಿಪ್ಪುಗಳ ಮೇಲೆ ಯಜಮಾನನಂತೆ ಸುತ್ತುತ್ತಿದೆ. ಮೊದಲ ಬಾರಿ ಆಹಾರ ಹಾಕುವಾಗ ಅವಳು ಡಬ್ಬಿಗೆ ಕೈ ಹಾಕಿ ಧಾರಾಳವಾಗಿ ತೆಗೆದು ಉದುರಿಸಿದಳು. ಉದುರಿಸಿ ನನ್ನತ್ತ ನೋಡಿದಳು. ನಿಜವಾಗಿಯೂ ಸ್ವಲ್ಪ ಜಾಸ್ತಿಯೇ ಆಗಿತ್ತು. ನಾನು ಎಲೆಗೆ ಸುಣ್ಣ ಹಚ್ಚುತ್ತ ಸುಮ್ಮನಿದ್ದೆ.