ಅತ್ತೆಯ ಪಾಟಿಸವಾಲು

ನನ್ನ ಸೋದರತ್ತೆ ವಕೀಲೆ. ಅವಳಿಗೆ ಕೆಲಸ ಕಲಿಸಿದ ಹಿರಿಯ ವಕೀಲರು ಅವಳನ್ನು ‘ಪ್ರಶ್ನೆಪತ್ರಿಕೆ’ ಎಂದೇ ಕರೆಯುತ್ತಿದ್ದರು. “ಬಂದ್ಲಪ್ಪಾ ಪ್ರಶ್ನೆಪತ್ರಿಕೆ! ಉತ್ತರ ಗೊತ್ತಿಲ್ದೋರು ಈಗ್ಲೇ ಎದ್ದು ಹೋಗಿ.”

ಅವಳು ಸ್ವಂತವಾಗಿ ನಡೆಸಿದ ಮೊದಲ ಮೊಕದ್ದಮೆ ಬಟ್ಟೆ ಗಿರಣಿಯ ಒಬ್ಬ ನೇಕಾರನದು. ಸೂಪರ್‌ವೈಸರ್ ಎಷ್ಟು ಕೂಗಿದರೂ ತಿರುಗಿ ನೋಡಲಿಲ್ಲ, ಉದ್ಧಟ ಎಂದು ಅವನನ್ನು ಕೆಲಸದಿಂದ ತೆಗೆದಿದ್ದರು. ಅವನು ಹೆಂಡತಿಯನ್ನು ಕರೆದುಕೊಂಡು ಅತ್ತೆಯ ಕಚೇರಿಗೆ ಬಂದ. ಏನು ಕೇಳಿದರೂ ಮೊದಲು ಹೆಂಡತಿಯ ಮುಖ ನೋಡುವನು; ಅವಳು ಅದನ್ನೇ ಬಿಡಿಸಿ ಹೇಳಿದ ಮೇಲೆ ಉತ್ತರ ಕೊಡುವನು. ಹೆಂಡತಿಗೆ ಹೆದರುವ ಪ್ರಾಣಿ ಎಂದುಕೊಂಡಳು ಅತ್ತೆ. ಆದರೂ ಏನೋ ಅನುಮಾನ ಕೊರೆಯಿತು. ಬಿದ್ದ ಪೆನ್ನು ಎತ್ತಿಕೊಳ್ಳುವವಳಂತೆ ಮೇಜಿನಡಿ ಬಗ್ಗಿ, “ಊಟ ಆಯ್ತಾ?” ಎಂದಳು. ಉತ್ತರವಿಲ್ಲ. ತಲೆ ಎತ್ತಿದರೆ ಅವನು ಆರಾಮಾಗಿ ಕಿಟಕಿಯ ಹೊರಗೆ ನೋಡುತ್ತಿದ್ದ. ಹೆಂಡತಿಯ ಮುಖ ಮಾತ್ರ ಬಿಳಿಚಿಕೊಂಡಿತ್ತು.

“ಮಗ್ಗದ ಸದ್ದಿಗೆ ಸ್ವಲ್ಪ ಸ್ವಲ್ಪವಾಗಿ ಕಿವಿ ಹೋಯ್ತು ಮೇಡಂ,” ಎಂದಳು ಅವಳು. “ಕೋರ್ಟಲ್ಲಿ ಮಾತ್ರ ಹೇಳ್ಬೇಡಿ. ಕಿವುಡ ಅಂತ ಗೊತ್ತಾದ್ರೆ ಇವರನ್ನ ಯಾರು ಕೆಲಸಕ್ಕಿಟ್ಕೋತಾರೆ?”

“ಅದನ್ನ ಹೇಳಿದ್ರೆ ಕೇಸು ಗೆದ್ದೆ ಅನ್ಕೋ. ಹೇಳ್ದಿದ್ರೆ ನಿನ್ನ ಹಣೆಬರಹ,” ಎಂದರು ವಿಷಯ ತಿಳಿದ ಹಿರಿಯ ವಕೀಲರು. ಆದರೆ ಅತ್ತೆ ಆ ಹೆಂಗಸಿಗೆ ಮಾತು ಕೊಟ್ಟಾಗಿತ್ತು.

ಅನುಮತಿ ಪಡೆದು ಗಿರಣಿ ನೋಡಲು ಹೋದಳು. ಮಗ್ಗಗಳ ನಡುವೆ ನಿಂತರೆ ಎದೆಯೊಳಗೇ ಯಾರೋ ಕುಟ್ಟಿದಂತೆ ಸದ್ದು. ಪಕ್ಕದಲ್ಲಿದ್ದವರ ತುಟಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಆದರೂ ಅಲ್ಲಿ ಭರ್ಜರಿ ಮಾತುಕತೆ ನಡೆದಿತ್ತು, ಕೈಯಲ್ಲಿ! ಎರಡು ಬೆರಳು ಬಿಡಿಸಿದರೆ ನೂಲು ಕಡಿಯಿತು ಎಂದು. ಹೆಬ್ಬೆರಳು ತುಟಿಗೆ ತಂದರೆ ನೀರು ಬೇಕು ಎಂದು. ಸೂಪರ್‌ವೈಸರ್ ಬರುವುದಕ್ಕೂ ಒಂದು ಸನ್ನೆಯಿತ್ತಂತೆ. ಅದನ್ನು ಮಾತ್ರ ನಮಗೆ ತೋರಿಸಲು ಅತ್ತೆ ಒಪ್ಪಲಿಲ್ಲ.

ಪಾಟಿಸವಾಲಿನ ದಿನ ಸೂಪರ್‌ವೈಸರ್ ಕಟಕಟೆಯಲ್ಲಿ ನಿಂತಿದ್ದ.

“ನಿಮ್ಮಲ್ಲಿ ಯಾರನ್ನಾದ್ರೂ ಕರೀಬೇಕಾದ್ರೆ ಏನ್ಮಾಡ್ತೀರಿ?”

“ಕೈ ಬೀಸ್ತೀವಿ.”

“ಕೂಗಲ್ವಾ?”

“ಆ ಸದ್ದಲ್ಲಿ ಯಾರಿಗೆ ಕೇಳುತ್ತೆ ಮೇಡಂ?”

“ಹಾಗಾದ್ರೆ ಅವತ್ತು ಇವರಿಗೆ ಕೈ ಬೀಸಿದ್ರಾ?”

“ಬೀಸಿ ಏನು ಪ್ರಯೋಜನ? ಅವನು ನನಗೆ ಬೆನ್ನು ಮಾಡಿ ನಿಂತಿದ್ದ!”

ಕೋರ್ಟಿನಲ್ಲಿ ನಗೆಯೆದ್ದಿತು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು. ನೇಕಾರನಿಗೆ ಕೆಲಸ ವಾಪಸ್ ಸಿಕ್ಕಿತು. ಕಿವಿಯ ವಿಷಯ ಯಾರ ಬಾಯಿಗೂ ಬರಲಿಲ್ಲ.

ವರ್ಷ ಕಳೆದ ಮೇಲೆ ಅದೇ ಗಿರಣಿಯ ಮಾಲೀಕ ಅತ್ತೆಯ ಕಚೇರಿಗೆ ಬಂದ. “ನನ್ನ ಭಾವ, ಹೆಂಡತಿಯ ಅಣ್ಣ, ಪಾಲುದಾರಿಕೆ ಮುರ್ಕೊಂಡು ಹೋಗಿ, ನಮ್ಮ ಗಿರಣಿ ಹೆಸರಲ್ಲೇ ಇನ್ನೊಂದು ಶುರು ಮಾಡಿದಾನೆ. ನನಗೆ ನೀವೇ ಬೇಕು.”

“ಮೊದಲು ಮಗ್ಗದ ಹತ್ರ ನಿಲ್ಲೋರಿಗೆಲ್ಲ ಕಿವಿಗೆ ಹಾಕ್ಕೊಳ್ಳೋಕೆ ಏನಾದ್ರೂ ಕೊಡಿಸಿ. ಆಮೇಲೆ ಮಾತಾಡೋಣ.”

ಅವನು ಕೊಡಿಸಿದ. ಅತ್ತೆ ವ್ಯಾಪಾರದ ಜಗಳಗಳಿಗೆ ಕಾಲಿಟ್ಟದ್ದು ಹಾಗೆ. ಆದರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿದಳು. ಭಾವನ ಪಾಟಿಸವಾಲು ಮುಗಿದಿತ್ತು, ಕುಳಿತುಕೊಳ್ಳಬಹುದಿತ್ತು. ಕುತೂಹಲ ತಡೆಯಲಾಗದೆ, “ಅಲ್ಲ, ಈ ಹೆಸರೇ ಯಾಕೆ ಬೇಕು ನಿಮಗೆ?” ಎಂದಳು.

“ಅದು ನಮ್ಮಮ್ಮನ ಹೆಸರು. ಅವಳ ಒಡವೆ ಮಾರಿಯೇ ಇವರ ಗಿರಣಿ ಶುರುವಾಗಿದ್ದು.”

ಮಾಲೀಕ ತಲೆ ತಗ್ಗಿಸಿದ. ಈ ಮಾತನ್ನು ಅವನು ತನ್ನ ವಕೀಲೆಗೇ ಹೇಳಿರಲಿಲ್ಲ. ಮೊಕದ್ದಮೆ ಬಿದ್ದುಹೋಯಿತು, ಮಾಲೀಕನೇ ತನ್ನ ಗಿರಣಿಯ ಬೋರ್ಡು ಬದಲಾಯಿಸಬೇಕಾಯಿತು. ಸಿಟ್ಟಿಗೆದ್ದು ಮಾಲೀಕ ಆರು ತಿಂಗಳು ಅತ್ತೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಇನ್ನೊಂದು ಜಗಳ ಹಿಡಿದುಕೊಂಡು ಅವಳ ಬಾಗಿಲಿಗೇ ಬಂದ.